ಊರಿನ ಹೆಸರು, ಮನೆತನದ ಹೆಸರು, ಸಂತರ ಹೆಸರು: ಗೊನ್ಜಾಗ ವಂಶದ ಕಥನ

ಪ್ರತಿ ವರ್ಷ ಜೂನ್ 21ರಂದು ಧರ್ಮಸಭೆಯು ಯುವಜನರ ಪಾಲಕರಾದ ಸಂತ ಅಲೋಶಿಯಸ್ ಗೊನ್ಜಾಗರ ಹಬ್ಬವನ್ನು ಆಚರಿಸುತ್ತದೆ. ಅಲೋಶಿಯಸ್, ಲೂಯಿಸ್, ಲುವಿಸ್ ಎಂಬ ಹೆಸರು ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಿಗೆ ಹೊಸತಲ್ಲ. ಅಜ್ಜನಿಗೋ ಸೋದರಮಾವನಿಗೋ ನೆರೆಮನೆಯ ಹುಡುಗನಿಗೋ ಆ ಹೆಸರಿರುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ಆ ಹೆಸರಿನ ಉತ್ತರಾರ್ಧವಾದ 'ಗೊನ್ಜಾಗ' ಎಂಬುದು ಏನು, ಅದು ಎಲ್ಲಿಂದ ಬಂತು, ಆ ಹೆಸರನ್ನು ಹೊತ್ತಿದ್ದ ಉಳಿದವರು ಯಾರು, ಅವರ ಗತಿ ಏನಾಯಿತು ಎಂಬುದನ್ನು ನಾವು ವಿಚಾರಿಸುವುದು ಕಡಿಮೆ.

ಸಂತರ ಕಥೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ 'ರಾಜಮನೆತನದಲ್ಲಿ ಹುಟ್ಟಿ ಎಲ್ಲವನ್ನೂ ತ್ಯಜಿಸಿದರು' ಎಂಬ ಒಂದು ವಾಕ್ಯದಲ್ಲಿ ಅವರ ಮನೆತನದ ವಿಚಾರವನ್ನು ಮುಗಿಸಿಬಿಡುತ್ತೇವೆ. ತ್ಯಜಿಸಿದ್ದು ಏನನ್ನು ಎಂಬುದನ್ನು ತಿಳಿಯದೆ ತ್ಯಾಗದ ತೂಕವನ್ನು ಅಳೆಯುವುದಾದರೂ ಹೇಗೆ? ಆದ್ದರಿಂದ ಈ ವಾರ ಸಂತರ ಮನೆತನದ ಹಾಗೂ ಅದರ ಹೆಸರಿನ ಕಥೆಯನ್ನು ಓದುಗರ ಮುಂದಿಡಲು ನಾವು ಬಯಸುತ್ತೇವೆ.

ಹೆಸರಿನ ಮೂಲ

ಇಟಲಿಯ ಕುಲೀನ ಮನೆತನಗಳ ಹೆಸರುಗಳು ಬೇರೆ ಬೇರೆ ಬಗೆಯಲ್ಲಿ ಹುಟ್ಟಿಕೊಂಡವು. ಫ್ಲಾರೆನ್ಸ್ ನಗರವನ್ನು ಆಳಿದ ಮೆದಿಚಿ ವಂಶದ ಹೆಸರಿಗೆ ವೈದ್ಯರು ಎಂಬ ಅರ್ಥವಿದೆ. ರೋಮಿನ ಪ್ರಸಿದ್ಧ ಕೊಲೊನ್ನಾ ವಂಶದ ಹೆಸರು ಆ ಮನೆತನದ ಒಡೆತನದಲ್ಲಿದ್ದ ಊರಿನಿಂದ ಬಂದುದು. ಇನ್ನು ಕೆಲವು ಮನೆತನಗಳು ಮೂಲಪುರುಷನ ಹೆಸರನ್ನೇ ಕುಲನಾಮವಾಗಿ ಇರಿಸಿಕೊಂಡವು.

ಗೊನ್ಜಾಗ ವಂಶದ ಇತಿಹಾಸದಲ್ಲಿ ಈ ಬಗೆಗಳಲ್ಲಿ ಎರಡನ್ನು ನಾವು ಕಾಣುತ್ತೇವೆ. ಆರಂಭದಲ್ಲಿ ಅವರು ಗೊನ್ಜಾಗರೆಂದು ಕರೆಸಿಕೊಂಡವರಲ್ಲ. ಅವರ ಹೆಸರು 'ಕೊರ್ರಾದಿ' ಎಂದಿತ್ತು. ಕೊರ್ರಾದೊ ಎಂಬಾತನ ಸಂತತಿಯವರು ಎಂಬುದೇ ಅದರ ಅರ್ಥ. ಉತ್ತರ ಇಟಲಿಯ ಮಾಂಟುವಾ ನಗರದ ದಕ್ಷಿಣಕ್ಕೆ, ಪೊ ಎಂಬ ಮಹಾನದಿಯ ಆಚೆಯ ಬಯಲಿನಲ್ಲಿ ಗೊನ್ಜಾಗ ಎಂಬ ಊರೊಂದಿದೆ. ಕೊರ್ರಾದಿ ಮನೆತನದವರು ಆ ಊರಿನವರು. ಆ ಕಾರಣದಿಂದ ಜನರು ಅವರನ್ನು 'ಗೊನ್ಜಾಗದ ಕೊರ್ರಾದಿಗಳು' ಎಂದು ಕರೆಯತೊಡಗಿದರು. ಕಾಲಕ್ರಮದಲ್ಲಿ ಮೂಲಪುರುಷನ ಹೆಸರು ಮರೆಯಾಗಿ ಊರಿನ ಹೆಸರೊಂದೇ ಉಳಿಯಿತು.

ಅದೇ ಪ್ರದೇಶದಲ್ಲಿ ಪೊಲಿರೊನೆ ಎಂಬಲ್ಲಿ ಸಂತ ಬೆನೆದಿಕ್ತರ ಸಭೆಯ ದೊಡ್ಡ ಮಠವೊಂದಿತ್ತು. ಸ್ಥಾಪನೆಯಾದದ್ದು 1007ರಲ್ಲಿ. ಸುತ್ತಲಿನ ಜೌಗು ನೆಲವನ್ನು ಸಾಗುವಳಿಗೆ ತಂದ ಈ ಮಠದ ಭೂಮಿಗಳನ್ನು ಒಕ್ಕಲಾಗಿ ಪಡೆದವರಲ್ಲಿ ಕೊರ್ರಾದಿಗಳೂ ಇದ್ದರು. ಮುಂದೆ ಚಕ್ರವರ್ತಿಗಳೊಡನೆ ಸಂಬಂಧ ಬೆಳೆಸಿದ ವಂಶದ ಬೇರು ಮಠವೊಂದರ ಗದ್ದೆಗಳಲ್ಲಿ ಇಳಿದಿತ್ತೆಂಬುದು ಗಮನಿಸತಕ್ಕ ಸಂಗತಿ. ಹೀಗೆ ಹಳ್ಳಿಯಿಂದ ಬಂದು ನಗರದಲ್ಲಿ ನೆಲೆಯೂರಿದವರು ಊರಿನ ಹೆಸರನ್ನು ಬಿಡಲಿಲ್ಲ.

ಒಕ್ಕಲಿನಿಂದ ಅರಸೊತ್ತಿಗೆಗೆ

ಹದಿಮೂರನೆಯ ಶತಮಾನದ ಕೊನೆಯಲ್ಲಿ ಮಾಂಟುವಾ ನಗರವು ಬೊನಕೊಲ್ಸಿ ಎಂಬ ಮನೆತನದ ಕೈಯಲ್ಲಿತ್ತು. ಗೊನ್ಜಾಗರು ಅವರ ಆಪ್ತರಾಗಿದ್ದುಕೊಂಡೇ ಭೂಮಿಯನ್ನೂ ಬಲವನ್ನೂ ಕೂಡಿಸಿಕೊಂಡರು. 1328ರ ಆಗಸ್ಟ್ 16ರಂದು ಲುಯಿಜಿ ಗೊನ್ಜಾಗ ಎಂಬಾತನು ವೆರೋನಾ ನಗರದ ಒಡೆಯನ ಸೈನ್ಯದ ನೆರವಿನಿಂದ ದಂಗೆಯೆದ್ದು ಬೊನಕೊಲ್ಸಿಗಳನ್ನು ಹೊರದೂಡಿದನು. ಆ ಕಾದಾಟದಲ್ಲಿ ಬೊನಕೊಲ್ಸಿ ಒಡೆಯನು ಪ್ರಾಣ ಕಳೆದುಕೊಂಡನು. ಆಗ ಲುಯಿಜಿಗೆ ಸುಮಾರು ಅರುವತ್ತು ವರ್ಷ. ಈ ಘಟನೆಯನ್ನು 1494ರಲ್ಲಿ ದೊಮೆನಿಕೊ ಮೊರೊನೆ ಎಂಬ ಕಲಾವಿದನು ಬಿಡಿಸಿದ ದೊಡ್ಡ ಚಿತ್ರವು ಮಾಂಟುವಾದ ಅರಮನೆಯಲ್ಲಿ ಇಂದಿಗೂ ಇದೆ.

ಅಂದಿನಿಂದ ಸುಮಾರು 380 ವರ್ಷ ಗೊನ್ಜಾಗರು ಮಾಂಟುವಾವನ್ನು ಆಳಿದರು. 1433ರಲ್ಲಿ ಚಕ್ರವರ್ತಿ ಸಿಗಿಸ್ಮುಂಡನು ಜಾನ್‌ಫ್ರಾಂಚೆಸ್ಕೊ ಗೊನ್ಜಾಗನಿಗೆ ಮಾರ್ಕ್ವಿಸ್ ಪದವಿಯನ್ನು ನೀಡಿದನು. ಅದಕ್ಕಾಗಿ ಚಿನ್ನದ ನಾಣ್ಯಗಳನ್ನು ತೆರಬೇಕಾಯಿತು. 1530ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನು ಫೆದೆರಿಕೊ ಗೊನ್ಜಾಗನನ್ನು ಡ್ಯೂಕ್ ಪದವಿಗೆ ಏರಿಸಿದನು. ಮದುವೆಯ ಸಂಬಂಧದ ಮೂಲಕ 1536ರಲ್ಲಿ ಮೊನ್‌ಫೆರ್ರಾತೊ ಸಂಸ್ಥಾನವೂ ಈ ಮನೆತನಕ್ಕೆ ಸೇರಿತು.

ಈ ಮನೆತನವು ಕತ್ತಿಯಿಂದ ಮಾತ್ರ ಹೆಸರು ಗಳಿಸಲಿಲ್ಲ ಎಂಬುದನ್ನೂ ಹೇಳಬೇಕು. 1423ರಲ್ಲಿ ವಿತ್ತೊರಿನೊ ದಾ ಫೆಲ್ತ್ರೆ ಎಂಬ ಶಿಕ್ಷಕರನ್ನು ಕರೆಸಿ ಶಾಲೆಯೊಂದನ್ನು ತೆರೆಯಲಾಯಿತು. ಅಲ್ಲಿ ಅರಸುಮಕ್ಕಳ ಪಕ್ಕದಲ್ಲಿಯೇ ಬಡವರ ಮಕ್ಕಳೂ ಕುಳಿತು ಕಲಿತರು. ಚಿತ್ರಕಾರ ಮಾನ್ತೆನ್ಯಾ 1474ರಲ್ಲಿ ಮುಗಿಸಿದ ಅರಮನೆಯ ಚಿತ್ರಿತ ಕೋಣೆಯನ್ನು ನೋಡಲು ಜನರು ಇಂದಿಗೂ ದೂರದೂರದಿಂದ ಬರುತ್ತಾರೆ. ವಾಸ್ತುಶಿಲ್ಪಿ ಆಲ್ಬೆರ್ತಿಯ ಯೋಜನೆಯಂತೆ 1472ರಲ್ಲಿ ಕೆಲಸ ಆರಂಭವಾದ ಸಂತ ಅಂದ್ರೆಯರ ಮಹಾದೇವಾಲಯದಲ್ಲಿ ಪ್ರಭು ಯೇಸುವಿನ ಪವಿತ್ರ ರಕ್ತದ್ದೆಂದು ಭಕ್ತರು ಗೌರವಿಸುವ ಅವಶೇಷವನ್ನು ಕಾಪಾಡಿಕೊಂಡು ಬರಲಾಗಿದೆ. ಧರ್ಮಸಭೆಗೆ ಹಲವು ಕಾರ್ಡಿನಲರನ್ನು ಈ ಮನೆತನ ನೀಡಿತು. ಅವರಲ್ಲಿ ಎರ್ಕೊಲೆ ಗೊನ್ಜಾಗರು ಟ್ರೆಂಟ್ ಮಹಾಸಭೆಯ ಕೊನೆಯ ಅಧಿವೇಶನಗಳ ಅಧ್ಯಕ್ಷತೆ ವಹಿಸಿ, 1563ರಲ್ಲಿ ಅಲ್ಲಿಯೇ ಮರಣ ಹೊಂದಿದರು.

ಇಷ್ಟೆಲ್ಲ ಹಿರಿಮೆಯಿದ್ದರೂ ಈ ವಂಶವನ್ನು ಒಳಗಿನಿಂದ ಕೊರೆಯುತ್ತಿದ್ದ ರೋಗವೊಂದಿತ್ತು. ಅದು ಪಾಲಿನ ಜಗಳ. ಗಂಡುಮಕ್ಕಳಿಗೆ ಸೀಮೆಗಳನ್ನು ಹಂಚುತ್ತ ಹೋದಂತೆ ಮನೆತನವು ಕವಲು ಕವಲಾಗಿ ಒಡೆಯಿತು. ಪ್ರತಿ ಕವಲಿಗೂ ಒಂದು ಕೋಟೆ, ಒಂದು ಚಿಕ್ಕ ಆಸ್ಥಾನ, ನೆರೆಯ ದಾಯಾದಿಯ ಮೇಲೆ ಒಂದು ಸಂಶಯ.

ಕಸ್ತಿಲ್ಯೋನೆಯ ಮನೆ

ಅಂತಹ ಕವಲೊಂದರ ಮೂಲಪುರುಷನು ಅಲೊಯಿಸಿಯೊ ಗೊನ್ಜಾಗ. 1549ರಲ್ಲಿ ಆತ ತೀರಿಕೊಂಡಾಗ ಅವನ ಮೂವರು ಮಕ್ಕಳಿಗೆ ಮೂರು ಊರುಗಳು ಪಾಲಾಗಿ ಬಂದವು: ಅಲ್ಫೊನ್ಸೊಗೆ ಕಸ್ತೆಲ್ ಗೊಫ್ರೆದೊ, ಫೆರ್ರಾಂತೆಗೆ ಕಸ್ತಿಲ್ಯೋನೆ, ಒರಾಜಿಯೊಗೆ ಸೊಲ್ಫೆರಿನೊ. ಈ ಮೂರು ಹೆಸರುಗಳನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದಿನ ಕಥೆಯೆಲ್ಲ ಇವುಗಳ ಸುತ್ತಲೇ ತಿರುಗುತ್ತದೆ.

ಫೆರ್ರಾಂತೆ ಸ್ಪೇನಿನ ಅರಸ ಎರಡನೆಯ ಫಿಲಿಪ್ಪನ ಸೇವೆಯಲ್ಲಿದ್ದ ಯೋಧ. ಆತನ ಪತ್ನಿ ಮಾರ್ತಾ ತಾನಾ ಅದೇ ಆಸ್ಥಾನದಲ್ಲಿ ರಾಣಿಯ ಸಖಿಯಾಗಿದ್ದ ಭಕ್ತಿವಂತೆ. ಇವರ ಹಿರಿಯ ಮಗನು 1568ರ ಮಾರ್ಚ್ 9ರಂದು ಕಸ್ತಿಲ್ಯೋನೆಯ ಕೋಟೆಯಲ್ಲಿ ಹುಟ್ಟಿದನು. ಜ್ಞಾನಸ್ನಾನದಲ್ಲಿ ಮಗುವಿಗೆ ದೊರೆತದ್ದು ತಂದೆಯ ತಂದೆಯ ಹೆಸರು. ಅಲೊಯಿಸಿಯೊ, ಲುಯಿಜಿ ಎಂಬವು ಒಂದೇ ಹೆಸರಿನ ಎರಡು ರೂಪಗಳು. ಲತೀನಿನಲ್ಲಿ ಅದೇ ಅಲೋಶಿಯಸ್. ಚೊಚ್ಚಲು ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ಮಂಗಳೂರಿನ ಕಥೋಲಿಕ ಕುಟುಂಬಗಳಲ್ಲಿಯೂ ಬೆಳೆದುಬಂದ ಪದ್ಧತಿಯಾದ್ದರಿಂದ ಇದರ ಅರ್ಥವನ್ನು ನಮಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ. ಅಜ್ಜನ ಹೆಸರಿನೊಂದಿಗೆ ಅಜ್ಜನ ನಿರೀಕ್ಷೆಗಳೂ ಮಗುವಿನ ತಲೆಯ ಮೇಲೆ ಬರುತ್ತವೆ.

ಮಗನು ತನ್ನಂತೆಯೇ ಯೋಧನಾಗಬೇಕೆಂದು ತಂದೆ ಬಯಸಿದನು. ಇನ್ನೂ ಎಳೆಯ ವಯಸ್ಸಿನಲ್ಲಿಯೇ ಹುಡುಗನನ್ನು ಸೈನಿಕರ ಬಿಡಾರಕ್ಕೆ ಕರೆದೊಯ್ದನು. ಅಲ್ಲಿ ಕೇಳಿ ಕಲಿತ ಒರಟು ಮಾತುಗಳಿಗಾಗಿ ಸಂತರು ಜೀವಮಾನವಿಡೀ ನಾಚಿಕೊಂಡರೆಂದು ಅವರ ಚರಿತ್ರೆ ತಿಳಿಸುತ್ತದೆ. 1577ರಲ್ಲಿ ತಮ್ಮ ರೊದೊಲ್ಫೊನೊಂದಿಗೆ ಫ್ಲಾರೆನ್ಸಿನ ಮೆದಿಚಿ ಆಸ್ಥಾನದಲ್ಲಿ ಶಿಕ್ಷಣಕ್ಕೆ ನಿಂತಾಗ, ಬಾಲಕನು ದೇವಮಾತೆಯ ಮುಂದೆ ಬ್ರಹ್ಮಚರ್ಯದ ವ್ರತ ಕೈಗೊಂಡನು. 1580ರ ಜುಲೈ 22ರಂದು ಕಸ್ತಿಲ್ಯೋನೆಗೆ ಬಂದಿದ್ದ ಮಿಲಾನಿನ ಕಾರ್ಡಿನಲ್ ಚಾರ್ಲ್ಸ್ ಬೊರೊಮೆಯೊರವರು ಅವನಿಗೆ ಪ್ರಥಮ ಪರಮಪ್ರಸಾದವನ್ನು ನೀಡಿದರು. ನೀಡಿದವರೂ ಪಡೆದವರೂ ಮುಂದೆ ಸಂತ ಪದವಿಗೇರಿದರು. ಅನಂತರ ಸ್ಪೇನಿನ ಆಸ್ಥಾನದಲ್ಲಿ ರಾಜಕುಮಾರನ ಪರಿಚಾರಕನಾಗಿದ್ದಾಗ ಯೇಸುಸಭೆಗೆ ಸೇರುವ ನಿರ್ಧಾರ ಗಟ್ಟಿಯಾಯಿತು.

ಒಂದು ಸಹಿ

ಹಿರಿಯ ಮಗನ ಈ ನಿರ್ಧಾರವು ಫೆರ್ರಾಂತೆಗೆ ಸಿಡಿಲಿನಂತೆ ಎರಗಿತು. ಮಗನು ಪಾದ್ರಿಯಾಗುವುದೇ ಆದರೆ ಬಿಷಪ್ ಪದವಿಯೋ ಕಾರ್ಡಿನಲ್ ಪದವಿಯೋ ದೊರೆಯುವ ದಾರಿ ಮನೆತನಕ್ಕೆ ತೆರೆದೇ ಇತ್ತು. ಆದರೆ ಯೇಸುಸಭೆಯವರು ಅಂತಹ ಪದವಿಗಳನ್ನು ಬಯಸುವುದಿಲ್ಲವೆಂದು ವಾಗ್ದಾನ ಮಾಡುವವರು. ತಂದೆಗೆ ಸಹಿಸಲಾಗದಿದ್ದ ಅದೇ ಸಂಗತಿ ಮಗನನ್ನು ಆ ಸಭೆಯ ಕಡೆಗೆ ಸೆಳೆದಿತ್ತು. ಬೇಡಿಕೆ, ಬೆದರಿಕೆ, ಬಂಧುಗಳ ಬುದ್ಧಿವಾದ, ಬೇರೆ ಬೇರೆ ಆಸ್ಥಾನಗಳ ಪ್ರವಾಸ ಎಲ್ಲವೂ ನಡೆದವು. ಯುವಕನ ಮನಸ್ಸು ಕದಲಲಿಲ್ಲ.

ಕಸ್ತಿಲ್ಯೋನೆ ಚಕ್ರವರ್ತಿಯ ಅಧೀನದ ಸೀಮೆಯಾದ್ದರಿಂದ ಹಕ್ಕನ್ನು ಬಿಟ್ಟುಕೊಡಲು ಚಕ್ರವರ್ತಿಯ ಒಪ್ಪಿಗೆ ಬೇಕಾಗಿತ್ತು. ಅದು ಬಂದ ಮೇಲೆ 1585ರ ನವೆಂಬರ್ 2ರಂದು ಮಾಂಟುವಾದಲ್ಲಿ ಬಂಧುಗಳೆಲ್ಲ ಸೇರಿದರು. ಹದಿನೇಳು ವರ್ಷದ ಲುಯಿಜಿ ತನ್ನ ಹಿರಿತನದ ಹಕ್ಕನ್ನು ತಮ್ಮ ರೊದೊಲ್ಫೊಗೆ ಬಿಟ್ಟುಕೊಡುವ ಪತ್ರಕ್ಕೆ ಸಹಿ ಮಾಡಿದರು. ಅದೇ ತಿಂಗಳ 25ರಂದು ರೋಮಿನಲ್ಲಿ ಯೇಸುಸಭೆಯ ನವಶಿಷ್ಯರಾಗಿ ಸೇರಿದರು. 1328ರಲ್ಲಿ ಒಬ್ಬ ಲುಯಿಜಿ ಕತ್ತಿ ಹಿಡಿದು ಒಡೆತನವನ್ನು ಪಡೆದಿದ್ದನು. ಅದೇ ಹೆಸರಿನ ಇನ್ನೊಬ್ಬರು ಅದೇ ನಗರದಲ್ಲಿ ಲೇಖನಿ ಹಿಡಿದು ಒಡೆತನವನ್ನು ಬಿಟ್ಟುಕೊಟ್ಟರು.

ಆಸ್ತಿ ಬಿಟ್ಟವರಿಗೆ ಜಗಳ ಬಿಡಲಿಲ್ಲ

ನಾವು ವಿಶೇಷವಾಗಿ ನೆನೆಯಬೇಕಾದ ಪ್ರಸಂಗ ಇನ್ನು ಮುಂದಿನದು. 1587ರಲ್ಲಿ ಚಿಕ್ಕಪ್ಪ ಒರಾಜಿಯೊ ಮಕ್ಕಳಿಲ್ಲದೆ ತೀರಿಕೊಂಡು, ಸೊಲ್ಫೆರಿನೊವನ್ನು ಮಾಂಟುವಾದ ಡ್ಯೂಕನಿಗೆ ಬರೆದಿಟ್ಟಿದ್ದನು. ರೊದೊಲ್ಫೊ ಅದು ತನಗೆ ಸೇರಬೇಕೆಂದು ಹಟ ಹಿಡಿದನು. ದಾಯಾದಿಗಳ ನಡುವೆ ಆಯುಧ ಎತ್ತುವಷ್ಟು ವೈರ ಬೆಳೆಯಿತು. ಬೇರಾರ ಮಾತೂ ನಡೆಯದಾದಾಗ ರೋಮಿನಲ್ಲಿ ದೈವಶಾಸ್ತ್ರ ಓದುತ್ತಿದ್ದ ಅಣ್ಣನನ್ನು ಕರೆಸಿದರು. 1589ರಲ್ಲಿ ಸಾದಾ ಕಪ್ಪು ನಿಲುವಂಗಿಯಲ್ಲಿ ಮನೆಗೆ ಮರಳಿದ ಅಲೋಶಿಯಸರು ಡ್ಯೂಕನನ್ನು ಕಂಡು ಮಾತನಾಡಿ, ಇಬ್ಬರಲ್ಲಿಯೂ ರಾಜಿ ಮಾಡಿಸಿದರು. ತಮಗಾಗಿ ಏನನ್ನೂ ಇರಿಸಿಕೊಳ್ಳದವರ ಮಾತನ್ನು ಇಬ್ಬರೂ ನಂಬಿದರು.

ಇನ್ನೊಂದು ತೊಡಕೂ ಇತ್ತು. ರೊದೊಲ್ಫೊ ತನಗಿಂತ ಕೆಳಗಿನ ಅಂತಸ್ತಿನ ಎಲೆನಾ ಅಲಿಪ್ರಾಂದಿ ಎಂಬಾಕೆಯನ್ನು ಗುಟ್ಟಾಗಿ ಮದುವೆಯಾಗಿದ್ದನು. ಬಂಧುಗಳ ಸಿಟ್ಟಿಗೆ ಹೆದರಿ ಅದನ್ನು ಬಚ್ಚಿಟ್ಟಿದ್ದರಿಂದ ಆಕೆಯ ಮೇಲೆ ಅಪವಾದ ಬಂದಿತ್ತು. ದೊಡ್ಡಪ್ಪ ಅಲ್ಫೊನ್ಸೊ ತನ್ನ ಮಗಳನ್ನೇ ರೊದೊಲ್ಫೊಗೆ ಕೊಡಬೇಕೆಂದಿದ್ದನು. ಮದುವೆ ಧರ್ಮಸಭೆಯ ಮುಂದೆ ನಡೆದಿರುವಾಗ ಅದನ್ನು ಬಚ್ಚಿಡುವುದು ಆ ಹೆಣ್ಣಿಗೆ ಮಾಡುವ ಅನ್ಯಾಯವೆಂದು ಅಲೋಶಿಯಸರು ತಮ್ಮನಿಗೆ ತಿಳಿಹೇಳಿದರು. 1590ರಲ್ಲಿ ಮದುವೆಯನ್ನು ಬಹಿರಂಗಪಡಿಸಲಾಯಿತು. ಮನೆತನದ ಮರ್ಯಾದೆಗಿಂತ ಒಬ್ಬ ಹೆಣ್ಣುಮಗಳ ಮರ್ಯಾದೆ ದೊಡ್ಡದೆಂಬುದನ್ನು ಅವರು ತಾಯಿ ಮಾರ್ತಾ ಹಾಗೂ ಬಂಧುಗಳಿಗೂ ಮನಗಾಣಿಸಿದರು.

ರೋಮಿಗೆ ಹಿಂದಿರುಗಿದ ಕೆಲವು ತಿಂಗಳಲ್ಲಿ ಅಲ್ಲಿ ಸಾಂಕ್ರಾಮಿಕ ರೋಗ ಹರಡಿತು. ಬೀದಿಯಲ್ಲಿ ಬಿದ್ದಿದ್ದ ರೋಗಿಗಳನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಸಾಗಿಸಿದ ಅಲೋಶಿಯಸರಿಗೂ ರೋಗ ತಗಲಿತು. ಸಾಯುವುದಕ್ಕೆ ಹನ್ನೊಂದು ದಿನ ಮೊದಲು, ತನಗಾಗಿ ಅಳಬಾರದೆಂದು ತಾಯಿಗೆ ಪತ್ರ ಬರೆದರು. ಅವರ ಆತ್ಮಿಕ ಮಾರ್ಗದರ್ಶಕರಾಗಿದ್ದವರು ಮುಂದೆ ಸಂತ ಪದವಿ ಪಡೆದ ರಾಬರ್ಟ್ ಬೆಲ್ಲರ್ಮಿನ್. 1591ರ ಜೂನ್ 21ರ ರಾತ್ರಿ, 23ನೆಯ ವಯಸ್ಸಿನಲ್ಲಿ ಅಲೋಶಿಯಸರು ಪ್ರಭುವಿನಲ್ಲಿ ನಿದ್ರೆಹೋದರು. 1605ರಲ್ಲಿ ಪುನೀತ ಪದವಿಯೂ 1726ರ ಡಿಸೆಂಬರ್ 31ರಂದು ಸಂತ ಪದವಿಯೂ ಅವರಿಗೆ ದೊರೆತವು.

ಒಡೆತನದ ಅಂತ್ಯ

ಅಣ್ಣನು ಬಿಟ್ಟುಕೊಟ್ಟ ಸೀಮೆಯನ್ನು ತಮ್ಮನು ಬಹುಕಾಲ ಅನುಭವಿಸಲಿಲ್ಲ. 1592ರಲ್ಲಿ ದೊಡ್ಡಪ್ಪ ಅಲ್ಫೊನ್ಸೊ ರೊದೊಲ್ಫೊನ ಕಡೆಯವರಿಂದ ಕೊಲೆಯಾದನು. ಕಸ್ತೆಲ್ ಗೊಫ್ರೆದೊವನ್ನು ವಶಪಡಿಸಿಕೊಂಡ ರೊದೊಲ್ಫೊ 1593ರ ಜನವರಿಯಲ್ಲಿ ಅಲ್ಲಿಯೇ, ಬಲಿಪೂಜೆಗೆ ಹೋಗುವ ಹೊತ್ತಿನಲ್ಲಿ ಕೊಲೆಯಾದನು. ಅಲೋಶಿಯಸರು ಮಾಡಿಸಿದ ರಾಜಿಯನ್ನು ಅವರ ಮರಣದ ಎರಡು ವರ್ಷಗಳೊಳಗೆ ದುರಾಸೆ ನುಂಗಿಹಾಕಿತ್ತು. ಸಂತರೊಬ್ಬರು ಹುಟ್ಟಿದ ಮಾತ್ರಕ್ಕೆ ಮನೆತನವೆಲ್ಲ ಪಾವನವಾಗುವುದಿಲ್ಲ ಎಂಬ ಕಹಿ ಸತ್ಯವನ್ನು ನಾವು ಇಲ್ಲಿ ಮುಚ್ಚಿಡಬಾರದು.

ಆದರೂ ಆ ಬೀಜ ವ್ಯರ್ಥವಾಗಲಿಲ್ಲ. ಯಾವ ಮದುವೆಗೆ ಮನೆತನವು ನಾಚಿಕೊಂಡಿತ್ತೋ ಆ ಮದುವೆಯಿಂದ ಹುಟ್ಟಿದ ರೊದೊಲ್ಫೊ ಮತ್ತು ಎಲೆನಾರ ಮೂವರು ಹೆಣ್ಣುಮಕ್ಕಳಾದ ಚಿಂಜಿಯಾ, ಒಲಿಂಪಿಯಾ ಮತ್ತು ಗ್ರಿದೊನಿಯಾ 1608ರಲ್ಲಿ ಕಸ್ತಿಲ್ಯೋನೆಯಲ್ಲಿ 'ಯೇಸುವಿನ ಕನ್ಯೆಯರು' ಎಂಬ ಸಂಸ್ಥೆಯನ್ನು ಸ್ಥಾಪಿಸಿ, ದೊಡ್ಡಪ್ಪನ ದಾರಿಯಲ್ಲಿ ನಡೆದರು. ಸಂತರ ಶಿರಸ್ಸಿನ ಅವಶೇಷವು ಇಂದು ಅದೇ ಊರಿನ ಬಸಿಲಿಕದಲ್ಲಿದೆ. ದೇಹದ ಉಳಿದ ಅವಶೇಷಗಳು ರೋಮಿನ ಸಂತ ಇಗ್ನಾಸಿಯವರ ದೇವಾಲಯದಲ್ಲಿವೆ. ನಾಲ್ಕನೆಯ ಶತಮಾನೋತ್ಸವದ ಸಂದರ್ಭದಲ್ಲಿ, 1991ರ ಜೂನ್‌ನಲ್ಲಿ ಜಗದ್ಗುರು ಎರಡನೆಯ ಜಾನ್ ಪಾವ್ಲರು ಕಸ್ತಿಲ್ಯೋನೆಗೆ ಭೇಟಿ ನೀಡಿದರು.

ಮಾಂಟುವಾದ ಹಿರಿಯ ಕವಲಿನ ಸ್ಥಿತಿಯೂ ಕರುಣಾಜನಕವಾಯಿತು. 1627ರಲ್ಲಿ ಆ ಕವಲು ಸಂತಾನವಿಲ್ಲದೆ ಕೊನೆಗೊಂಡಿತು. ಆ ಹೊತ್ತಿಗೆ ಅರಮನೆಯ ಅಮೂಲ್ಯ ಚಿತ್ರಗಳು ಇಂಗ್ಲೆಂಡಿನ ಅರಸನಿಗೆ ಮಾರಾಟವಾಗುತ್ತಿದ್ದವು. ಉತ್ತರಾಧಿಕಾರಕ್ಕಾಗಿ ಯುದ್ಧ ನಡೆದು, 1630ರಲ್ಲಿ ಚಕ್ರವರ್ತಿ ಎರಡನೆಯ ಫೆರ್ಡಿನಾಂಡನ ಸೈನ್ಯವು ಮಾಂಟುವಾ ನಗರವನ್ನು ಸೂರೆಮಾಡಿತು. ಆಗ ಆ ಚಕ್ರವರ್ತಿಯ ಪತ್ನಿಯಾಗಿದ್ದವಳು ಮಾಂಟುವಾದ ಮಗಳಾದ ಎಲೆಯೊನೊರಾ ಗೊನ್ಜಾಗ! ಹೆಣ್ಣು ಕೊಟ್ಟು ಬೆಳೆಸಿದ ಸಂಬಂಧವೂ ತವರನ್ನು ಕಾಯಲಿಲ್ಲ. ಫ್ರಾನ್ಸಿನಿಂದ ಬಂದ ಇನ್ನೊಂದು ಕವಲು ಪಟ್ಟವೇರಿತಾದರೂ, ಕೊನೆಯ ಡ್ಯೂಕನು 1708ರಲ್ಲಿ ರಾಜ್ಯ ಕಳೆದುಕೊಂಡು ಪಾದುವಾ ನಗರದಲ್ಲಿ ಸತ್ತನು. ಮಾಂಟುವಾ ಆಸ್ಟ್ರಿಯದ ಪಾಲಾಯಿತು.

ಇಷ್ಟು ರಕ್ತಕ್ಕೆ ಕಾರಣವಾದ ಸೊಲ್ಫೆರಿನೊದ ಹೆಸರನ್ನು ಲೋಕವು ಮತ್ತೊಮ್ಮೆ ಕೇಳಿತು. 1859ರ ಜೂನ್ 24ರಂದು ಅಲ್ಲಿ ಭೀಕರ ಯುದ್ಧ ನಡೆಯಿತು. ಸಾವಿರಾರು ಗಾಯಾಳುಗಳನ್ನು ಸಮೀಪದ ಕಸ್ತಿಲ್ಯೋನೆಗೆ ತಂದಾಗ, ಆ ಊರಿನ ಹೆಂಗಸರು ಶತ್ರು ಮಿತ್ರರೆಂಬ ಭೇದವೆಣಿಸದೆ ದೇವಾಲಯಗಳಲ್ಲಿಯೇ ಅವರನ್ನು ಉಪಚರಿಸಿದರು. ಇದನ್ನು ಕಂಡು ಸೇವೆಗೆ ಕೈಜೋಡಿಸಿದ ಹೆನ್ರಿ ಡ್ಯುನಾಂಟ್ ಎಂಬ ಸ್ವಿಸ್ ವ್ಯಾಪಾರಿಯ ಮನಸ್ಸಿನಲ್ಲಿ ಮೂಡಿದ ಯೋಚನೆಯಿಂದ ರೆಡ್ ಕ್ರಾಸ್ ಸಂಸ್ಥೆ ಹುಟ್ಟಿತು. ರೋಗಿಯನ್ನು ಬೆನ್ನ ಮೇಲೆ ಹೊತ್ತ ಸಂತರ ಊರಿಗೆ ಇದು ತಕ್ಕುದಾದ ಕೀರ್ತಿಯಲ್ಲವೇ?

ನಮ್ಮಲ್ಲಿಗೆ ಬಂದ ಹೆಸರು

ಗೊನ್ಜಾಗ ಎಂಬ ಹೆಸರು ಕರಾವಳಿಯ ನಮ್ಮ ಬಳಿಗೆ ಬಂದದ್ದು ಡ್ಯೂಕರ ದಂಡಿನೊಂದಿಗಲ್ಲ, ಪಾದ್ರಿಗಳ ಜಪಪುಸ್ತಕದೊಂದಿಗೆ. 1878ರ ಕೊನೆಯ ದಿನ ಮಂಗಳೂರಿಗೆ ಕಾಲಿಟ್ಟ ಇಟಲಿಯ ಯೇಸುಸಭೆಯ ಗುರುಗಳು 1880ರಲ್ಲಿ ಸ್ಥಾಪಿಸಿದ ಕಾಲೇಜಿಗೆ ಸಂತ ಅಲೋಶಿಯಸರ ಹೆಸರನ್ನಿಟ್ಟರು. ಅದರ ಪ್ರಾರ್ಥನಾಲಯದ ಗೋಡೆ ಚಾವಣಿಗಳನ್ನು 1899ರಿಂದ 1901ರವರೆಗೆ ಚಿತ್ರಗಳಿಂದ ತುಂಬಿದ ಬ್ರದರ್ ಆಂತೊನಿಯೊ ಮೊಸ್ಕೆನಿಯವರು ಮಾಂಟುವಾ ಇರುವ ಲೊಂಬಾರ್ದಿ ಪ್ರಾಂತ್ಯದ ಬೆರ್ಗಾಮೊ ಕಡೆಯವರು. ಕತ್ತೆತ್ತಿ ನೋಡಿದರೆ ಬೊರೊಮೆಯೊರವರ ಕೈಯಿಂದ ಪರಮಪ್ರಸಾದ ಪಡೆಯುವ ಬಾಲಕನನ್ನೂ ರೋಗಿಗಳ ನಡುವಿನ ಯುವಕನನ್ನೂ ಅಲ್ಲಿ ಇಂದಿಗೂ ಕಾಣಬಹುದು. 1328ರ ದಂಗೆಯಾಗಲಿ 1530ರ ಡ್ಯೂಕ್ ಪದವಿಯಾಗಲಿ ಆ ಚಾವಣಿಯ ಮೇಲೆ ಇಲ್ಲ.

ನಮಗೂ ನಮ್ಮ ಕುಲನಾಮಗಳ ಬಗ್ಗೆ ಅಭಿಮಾನವಿದೆ. ಪಿಂಟೊ, ಲೋಬೊ, ಡಿಸೋಜ ಎಂಬ ಪೋರ್ಚುಗೀಸ್ ಹೆಸರುಗಳ ಹಿಂದೆ ಪ್ರಭು, ಕಾಮತ್, ನಾಯಕ್ ಎಂಬ ಹಳೆಯ ಹೆಸರುಗಳನ್ನು ನೆನಪಿಟ್ಟುಕೊಂಡಿರುವ ಕುಟುಂಬಗಳು ನಮ್ಮಲ್ಲಿವೆ. ಹಿರಿಯರನ್ನು ನೆನೆಯುವುದು ಒಳ್ಳೆಯದೇ. ಆದರೆ ಮದುವೆಯ ಮಾತುಕತೆಯಲ್ಲಿ ಮನೆತನವನ್ನು ಮುಂದಿಟ್ಟು ಮನುಷ್ಯರನ್ನು ಅಳೆಯುವಾಗ, ಅಪ್ಪನ ಜಾಗದ ಪಾಲಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟು ಒಂದೇ ಇಗರ್ಜಿಯ ಎರಡು ಬದಿಗಳಲ್ಲಿ ಕುಳಿತು ಬಲಿಪೂಜೆಯಲ್ಲಿ ಭಾಗವಹಿಸುವಾಗ, ಈ ಕಥೆಯನ್ನು ನಾವು ನೆನೆಯಬೇಕಾಗಿದೆ. ನಾಲ್ಕು ಶತಮಾನ ಗೊನ್ಜಾಗರು ಕಾದಾಡಿ ಹಿಡಿದಿಟ್ಟುಕೊಂಡ ಊರುಗಳಲ್ಲಿ ಇಂದು ಅವರ ಆಳ್ವಿಕೆಯಿಲ್ಲ. ಅವರ ಹೆಸರನ್ನು ಲೋಕದ ಮೂಲೆಮೂಲೆಗೆ ಒಯ್ದವರು, ತಮ್ಮ ಪಾಲನ್ನು ಒಂದು ಸಹಿಯಿಂದ ಬಿಟ್ಟುಕೊಟ್ಟು, ತಮ್ಮಂದಿರ ಜಗಳ ಬಿಡಿಸಲು ಮಾತ್ರ ಮನೆಗೆ ಮರಳಿದ ಒಬ್ಬ ಯುವಕ.

ಬರುವ ಜೂನ್ 21ರಂದು ನಮ್ಮ ಮನೆಗಳ ಅಲೋಶಿಯಸ್, ಲುವಿಸರಿಗೆ ಹಬ್ಬದ ಶುಭಾಶಯ ಹೇಳುವಾಗ, ಮಾತು ನಿಂತುಹೋಗಿರುವ ಅಣ್ಣನ ಅಥವಾ ತಮ್ಮನ ಮನೆಯ ಬಾಗಿಲನ್ನು ಒಮ್ಮೆ ತಟ್ಟೋಣ. ಸಂತರನ್ನು ಗೌರವಿಸಲು ಅದಕ್ಕಿಂತ ಒಳ್ಳೆಯ ದಾರಿ ನಮಗೆ ತೋಚದು.